ತಲೆಯಿಂದ ಬಂದ ಹುಬ್ಬು

ಯಂತ್ರಗಳಿಗೆ ನನ್ನನ್ನು ಕಂಡರೆ ಒಂದು ಬಗೆಯ ಭಯಭಕ್ತಿ ಇದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ. ಶಿಕಾರಿಪುರದಲ್ಲಿ ಒಂದು ಖಾಸಗಿ ಬಸ್ ಕಂಪನಿಯ ಬುಕಿಂಗ್ ಆಫೀಸಿನಲ್ಲಿ ಟಿಕೆಟ್ ಹರಿದುಕೊಡುವ ಕೆಲಸ. ನಮ್ಮ ಬಸ್ಸು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ ಬರುತ್ತಿತ್ತು. ದಾರಿಗೆ ಬೀಳುವ ಮೊದಲು ಅದು ದಿನವೂ ಒಂದಿಷ್ಟು ಹಟ ಮಾಡುವುದಿತ್ತು. ಡ್ರೈವರು ಬಾನೆಟ್ ಎತ್ತಿದ ಕೂಡಲೇ ನಾನೂ ಹೋಗಿ ಪಕ್ಕದಲ್ಲಿ ನಿಂತು, ಒಳಗೆ ಇಣುಕಿ, ಗಂಭೀರವಾಗಿ "ಹ್ಞೂಂ" ಎನ್ನುತ್ತಿದ್ದೆ. ಹತ್ತು ನಿಮಿಷದಲ್ಲಿ ಬಸ್ಸು ಹೊರಡುತ್ತಿತ್ತು. ಅದು ನನ್ನ "ಹ್ಞೂಂ"ನಿಂದಲೇ ಹೊರಟಿತು ಎಂಬುದರಲ್ಲಿ ನನಗೆ ಯಾವ ಸಂಶಯವೂ ಇರಲಿಲ್ಲ.

ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿ ಓದಿಸಿದವಳು ಅಕ್ಕ ಗೌರಕ್ಕ. ಭಾವ ಹೊಲ, ಗದ್ದೆ, ಗೊಬ್ಬರ ಎಂದು ಹೊರಗೇ ಇರುತ್ತಿದ್ದರು. ಮನೆಯೊಳಗೆಲ್ಲ ಅಕ್ಕನದೇ ಆಡಳಿತ. ಆ ವರ್ಷ ದೀಪಾವಳಿ ಕಳೆದ ಮೇಲೆ ಅಕ್ಕನೇ ಮುಂದೆ ನಿಂತು ಸೊರಬದ ವೀರಭದ್ರಪ್ಪನವರ ಎರಡನೆಯ ಮಗಳು ಗಿರಿಜೆಯ ಜೊತೆ ನನ್ನ ನಿಶ್ಚಿತಾರ್ಥ ಮಾಡಿಸಿದಳು. ವೈಶಾಖದಲ್ಲಿ ಮದುವೆ. ಹೆಣ್ಣು ನೋಡಲು ಹೋದ ದಿನ ಗಿರಿಜೆ ತಲೆಯೆತ್ತಿ ನನ್ನನ್ನು ನೋಡಿದ್ದು ಒಂದೇ ಒಂದು ಸಲ. ಆ ಒಂದು ಸಲ ಅವಳು ನೋಡಿದ್ದು ಎರಡು ಹುಬ್ಬುಗಳಿದ್ದ ಮುಖವನ್ನು. ಅದಕ್ಕೇ ಅವಳು ಒಪ್ಪಿದ್ದು. ನಿಶ್ಚಿತಾರ್ಥವಾಗಿ ಎರಡು ವಾರ ತುಂಬುವಷ್ಟರಲ್ಲಿ ನಾನು ಆ ಮುಖವನ್ನು ಕೆಡಿಸಿಕೊಂಡೆ.

ಭಾವ ಶಿವಮೊಗ್ಗದಿಂದ ಒಂದು ಹಿತ್ತಾಳೆಯ ಪಂಪ್ ಸ್ಟೌ ತಂದಿದ್ದರು. ಒಂದು ಬೆಳಿಗ್ಗೆ ಅದು ಉರಿಯುವ ಬದಲು ಬುಸುಗುಟ್ಟಿ ಹೊಗೆ ಬಿಡತೊಡಗಿತು. ಪೇಟೆಯಲ್ಲಿ ರಿಪೇರಿಯವನಿದ್ದಾನೆ, ಕೊಟ್ಟು ಬಾ ಎಂದಳು ಅಕ್ಕ. ಬಸ್ಸನ್ನೇ ಹೊರಡಿಸುವವನಿಗೆ ಸ್ಟೌ ಯಾವ ಲೆಕ್ಕ? ಪಿನ್ನು ಹಾಕಿ ತೂತು ಚೊಕ್ಕಟ ಮಾಡಿದೆ. ಗಾಳಿ ಹೊಡೆದೆ. ಸಾಲದೆನಿಸಿತು, ಇನ್ನಷ್ಟು ಹೊಡೆದೆ. ಏನೂ ಆಗಲಿಲ್ಲ. ತೂತು ನಿಜವಾಗಿ ತೆರೆದಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಮುಖವನ್ನು ಹತ್ತಿರ ಒಯ್ದು, ಬೆಳಕಿಗೆಂದು ಒಂದು ಬೆಂಕಿಕಡ್ಡಿ ಗೀರಿದೆ.

ತೂತು ತೆರೆದೇ ಇತ್ತು.

ಅಕ್ಕ ಅಕ್ಕಿ ತೊಳೆದಿಟ್ಟ ನೀರನ್ನು ಪಾತ್ರೆ ಸಮೇತ ನನ್ನ ಮುಖಕ್ಕೆ ಎರಚಿದಳು. ಆ ಸಮಯಪ್ರಜ್ಞೆಯಿಂದ ಕಣ್ಣು ಉಳಿಯಿತು. ಹಣೆಯ ಎಡಭಾಗ ಬೆಂದಿತು. ಮೂರು ವಾರದಲ್ಲಿ ಗಾಯ ಮಾಯಿತು. ಆದರೆ ಎಡಹುಬ್ಬು ಇದ್ದ ಜಾಗದಲ್ಲಿ ಹುಣಿಸೆಹಣ್ಣು ಹಾಕಿ ಉಜ್ಜಿದ ತಾಮ್ರದ ತಂಬಿಗೆಯ ಹಾಗೆ ಮಿರಿಮಿರಿ ಮಿಂಚುವ ಚರ್ಮ. ಒಂದು ಕೂದಲಿಲ್ಲ. ಕಣ್ಣು ಉಳಿದದ್ದೇ ದೊಡ್ಡದು, ಹುಬ್ಬಿನಿಂದ ಯಾರು ನೋಡುತ್ತಾರೆ ಎಂದು ಅಕ್ಕ ಸಮಾಧಾನ ಹೇಳಿದಳು.

ಯಾರಾದರೂ ಕೇಳಿದರೆ ಸ್ಟೌ ಎನ್ನಲು ನನಗೆ ಬಾಯಿ ಬರಲಿಲ್ಲ. ಬಾನೆಟ್ಟಿನ ಮುಂದೆ ನಿಂತು "ಹ್ಞೂಂ" ಎನ್ನುವ ಮನುಷ್ಯ ಅಡುಗೆಮನೆಯ ಸ್ಟೌವಿಗೆ ಸೋತ ಎಂದು ಡ್ರೈವರಿಗೆ ಗೊತ್ತಾದರೆ ಗತಿಯೇನು? ಹೆಜ್ಜೇನು ಕಚ್ಚಿತು ಎಂದೆ. ಹೆಜ್ಜೇನು ಕಚ್ಚಿದರೆ ಮುಖ ಊದುತ್ತದೆಯೇ ಹೊರತು ಹುಬ್ಬು ಉದುರುವುದಿಲ್ಲ ಎಂಬುದು ಊರಿನ ಪ್ರತಿಯೊಬ್ಬನಿಗೂ ತಿಳಿದಿತ್ತು. ನನಗೊಬ್ಬನಿಗೆ ಹೊಳೆಯಲಿಲ್ಲ.

ಹುಬ್ಬಿನ ಕೆಲಸವೇನೆಂದು ತಿಳಿಯಬೇಕಾದರೆ ಒಂದನ್ನು ಕಳೆದುಕೊಳ್ಳಬೇಕು. ಒಂದೇ ಹುಬ್ಬಿನ ಮುಖ ಎದುರಿಗಿದ್ದವರನ್ನು ಸದಾ ಅನುಮಾನಿಸುತ್ತಿರುವಂತೆ ಕಾಣುತ್ತದೆ. ಬಳ್ಳಿಗಾವಿಯ ಕಡೆಯ ಒಬ್ಬ ಮುದುಕರು ಕಿಟಕಿಗೆ ಬಂದು ಶಿರಾಳಕೊಪ್ಪಕ್ಕೆ ಟಿಕೆಟ್ ಕೇಳಿದರು. ನಾನು ಮುಖವೆತ್ತಿ ನೋಡಿದೆ, ಅಷ್ಟೆ. ನಾನು ಕೇಳದೆಯೇ ಅವರು, ತಾವು ಹೋಗುತ್ತಿರುವುದು ಮಗಳ ಮನೆಗೆಂದೂ, ಮಗಳಿಗೆ ಎರಡನೆಯ ಬಾಣಂತನವೆಂದೂ, ಬೇಕಾದರೆ ಅಲ್ಲಿ ಯಾರನ್ನಾದರೂ ವಿಚಾರಿಸಬಹುದೆಂದೂ ನನಗೆ ಸಮಜಾಯಿಷಿ ಕೊಟ್ಟರು. ಬಸ್ಸಿನ ಮಾಲೀಕರೂ ಒಂದು ದಿನ ನನ್ನನ್ನು ಕರೆದು, ಪ್ರಯಾಣಿಕರನ್ನು ಸ್ವಲ್ಪ ನಂಬಿಕೆಯಿಂದ ನೋಡುವುದನ್ನು ರೂಢಿಸಿಕೋ ಎಂದು ಬುದ್ಧಿ ಹೇಳಿದರು.

ಆಮೇಲೆ ಅಕ್ಕ ಬೆಳಿಗ್ಗೆ ಎದ್ದು ಕಾಡಿಗೆಯಲ್ಲಿ ನನಗೆ ಹುಬ್ಬು ಬರೆಯತೊಡಗಿದಳು. ಅವಳು ರಂಗೋಲಿಯಲ್ಲಿ ಗಟ್ಟಿಗಿತ್ತಿ. ಆದರೆ ದಿನವೂ ಒಂದೇ ಅಳತೆ ಬರುತ್ತಿರಲಿಲ್ಲ. ಒಂದು ದಿನ ಮೇಲೆ ಬರೆದಳೆಂದರೆ ಸಂಜೆಯವರೆಗೂ ನಾನು ಆಶ್ಚರ್ಯಪಡುತ್ತಿದ್ದೆ. ಮರುದಿನ ಒಲೆಯ ಮೇಲೆ ಹಾಲಿಟ್ಟು ಅವಸರದಲ್ಲಿ ಕೆಳಗೆ ಎಳೆದಳೆಂದರೆ ಇಡೀ ದಿನ ಸಿಟ್ಟು.

ನಮ್ಮ ಬಸ್ಸಿನ ಕಂಡಕ್ಟರು ನನ್ನ ಅವಸ್ಥೆ ನೋಡಿ ಒಂದು ವಿಷಯ ಹೇಳಿದ. ಸೊರಬದಲ್ಲಿ ಸದಾಶಿವರಾಯರೆಂಬ ಡಾಕ್ಟರು ಇದ್ದಾರೆ. ಯುದ್ಧಕಾಲದಲ್ಲಿ ಮಿಲಿಟರಿ ಆಸ್ಪತ್ರೆಯಲ್ಲಿದ್ದು, ಮುಖ ಸುಟ್ಟುಕೊಂಡ ಸಿಪಾಯಿಗಳಿಗೆ ಹೊಸ ಮುಖ ಹೊಲಿದವರು. ಈಗ ನಿವೃತ್ತರಾಗಿ ಒಂದು ಸಣ್ಣ ಶಾಪು ಇಟ್ಟುಕೊಂಡು ಜ್ವರಕ್ಕೆ, ಕಜ್ಜಿಗೆ ಔಷಧಿ ಕೊಡುತ್ತಿದ್ದಾರೆ. ಕೇಳಿ ನನಗೆ ಜೀವ ಬಂದಂತಾಯಿತು. ಆದರೆ ಸೊರಬವೆಂದರೆ ಮಾವನ ಮನೆಯಾಗಬೇಕಾದ ಊರು. ಮುಖದ ತುಂಬ ಟವಲು ಸುತ್ತಿಕೊಂಡು ಬಸ್ಸು ಹತ್ತಿದೆ. ಗುಟ್ಟಾಗಿ ಹೋಗಬೇಕೆಂದಿದ್ದರೆ ಟವಲು ಸುತ್ತಬಾರದಿತ್ತು. ಶಿರಾಳಕೊಪ್ಪ ಮುಟ್ಟುವಷ್ಟರಲ್ಲಿ ಬಸ್ಸಿನಲ್ಲಿದ್ದ ಅಷ್ಟೂ ಜನ ನನ್ನ ಹಲ್ಲುನೋವಿಗೆ ಔಷಧಿ ಹೇಳಿದ್ದರು.

ಡಾಕ್ಟರು ನನ್ನ ಹಣೆಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ಅವರ ಮುಖ ಅರಳಿತು. ಎಷ್ಟೋ ವರ್ಷಗಳಿಂದ ಬರೀ ಕಜ್ಜಿ ನೋಡಿದ್ದ ಮನುಷ್ಯ. ಕಿವಿಯ ಹಿಂದಿನಿಂದ ಹುಬ್ಬಿನಷ್ಟು ಅಗಲದ ಚರ್ಮವನ್ನು ಕೂದಲಿನ ಬೇರು ಸಮೇತ ತೆಗೆದು, ಸುಟ್ಟ ಜಾಗದಲ್ಲಿ ಕೂರಿಸಿ ಹೊಲಿಯುತ್ತೇನೆ ಎಂದರು. ಸಸಿಮಡಿಯಿಂದ ಕಿತ್ತು ಗದ್ದೆಗೆ ನಾಟಿ ಮಾಡುವುದಿಲ್ಲವೇ, ಹಾಗೆ. ಒಂದು ಚುಚ್ಚುಮದ್ದು ಕೊಟ್ಟು ಹಣೆ ಮರಗಟ್ಟಿಸಿದರು. ಕಾಂಪೌಂಡರು ನನ್ನ ತಲೆಯನ್ನು ಎರಡೂ ಕೈಯಿಂದ ಕುಂಬಳಕಾಯಿ ಹಿಡಿದಂತೆ ಹಿಡಿದುಕೊಂಡ. ನೋವಾಗಲಿಲ್ಲ. ಆದರೆ ನನ್ನದೇ ಚರ್ಮದಲ್ಲಿ ಕತ್ತರಿ ಕಚಕ್ ಕಚಕ್ ಎನ್ನುವುದು ಕಿವಿಯ ಬುಡದಲ್ಲೇ ಕೇಳುತ್ತಿತ್ತು. ಡಾಕ್ಟರು ಮಾತ್ರ ಸಂತೋಷದಿಂದ ಮೂಗಿನಲ್ಲಿ ಏನೋ ರಾಗ ಎಳೆಯುತ್ತಿದ್ದರು.

ಪಟ್ಟಿ ಸುತ್ತಿದ ಮೇಲೆ ಕಟ್ಟಪ್ಪಣೆಯಾಯಿತು. ಹತ್ತು ದಿನ ಮುಟ್ಟಬಾರದು. ಬಗ್ಗಬಾರದು. ಏನೇ ಆದರೂ ಪಟ್ಟಿ ಬಿಚ್ಚಬಾರದು.

"ನಾಟಿ ಮಾಡಿದ ಸಸಿ ಬೇರು ಬಿಟ್ಟಿದೆಯಾ ಅಂತ ಯಾರೂ ಕಿತ್ತು ನೋಡೋದಿಲ್ಲ" ಎಂದರು ಡಾಕ್ಟರು.

ಅಂಥ ಮೂರ್ಖರೂ ಇರುತ್ತಾರೆಯೇ ಎಂದು ನಾನು ನಕ್ಕೆ. ನಾಲ್ಕನೆಯ ದಿನ ನಾನೇ ಕಿತ್ತು ನೋಡಿದೆ.

ಬಿಚ್ಚಬೇಕೆಂದು ಬಿಚ್ಚಿದ್ದಲ್ಲ. ಕಡಿತ ಶುರುವಾಗಿತ್ತು. ಒಂದು ಅಂಚನ್ನು ಮಾತ್ರ ಎತ್ತಿ ಕನ್ನಡಿಯಲ್ಲಿ ನೋಡೋಣವೆಂದೆ. ಅಂಚು ಎತ್ತಿದರೆ ಏನೂ ಕಾಣಲಿಲ್ಲ, ಇನ್ನಷ್ಟು ಎತ್ತಿದೆ. ಒಳಗೆ ಕಪ್ಪಗೆ ಹೆಪ್ಪುಗಟ್ಟಿ ಒಣಗಿದಂತೆ ಕಂಡಿತು. ನೀರಿಲ್ಲದ ಸಸಿಮಡಿಯೇ ಕಣ್ಣಮುಂದೆ ಬಂತು. ತಲೆಯ ಕೂದಲಿಗೆ ಎಣ್ಣೆಯ ಅಭ್ಯಾಸ, ಪಾಪ, ಎಣ್ಣೆ ಕಾಣದೆ ನಾಲ್ಕು ದಿನವಾಗಿದೆ ಎಂದು ಯೋಚಿಸಿ ಹರಳೆಣ್ಣೆ ಬೆಚ್ಚಗೆ ಮಾಡಿ ಧಾರಾಳವಾಗಿ ಹಚ್ಚಿದೆ. ಪಟ್ಟಿಯನ್ನು ಮೊದಲಿದ್ದ ಹಾಗೇ ಸುತ್ತಿದೆ. ಮೊದಲಿಗಿಂತ ಚೆನ್ನಾಗಿಯೇ ಬಂತು ಎನಿಸಿತು. ಅಕ್ಕನಿಗೂ ಹೇಳಲಿಲ್ಲ.

ಹತ್ತನೆಯ ದಿನ ಸೊರಬದಲ್ಲಿ ಡಾಕ್ಟರು ಪಟ್ಟಿ ಬಿಚ್ಚಿದರು. ಹುಬ್ಬು ಪಟ್ಟಿಯ ಜೊತೆಗೇ ಎದ್ದು ಬಂತು. ಅವರು ಆ ಬಟ್ಟೆಯನ್ನು ಬಹಳ ಹೊತ್ತು ನೋಡಿದರು. ಮೂಗಿನ ಹತ್ತಿರ ಹಿಡಿದರು.

"ಹರಳೆಣ್ಣೆ" ಎಂದರು.

ಎಲ್ಲೋ ಪಟ್ಟಿಗೆ ತಾಗಿರಬೇಕು ಎಂದೆ. ಅಷ್ಟು ಒಳಗೆ ಹೋಗಿ ತಾಗುವಂಥ ಎಣ್ಣೆಯನ್ನು ತಾನು ಎಲ್ಲೂ ಕಂಡಿಲ್ಲ ಎಂದರು. ಬಯ್ಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಗಾಯ ಮಾಯಲು ಒಂದೂವರೆ ತಿಂಗಳು ಬೇಕು, ಆಮೇಲೆ ಮನಸ್ಸಿದ್ದರೆ ಇನ್ನೊಂದು ಕಿವಿಯ ಹಿಂದಿನಿಂದ ತೆಗೆಯಬಹುದು, ಆದರೆ ಬರುವಾಗ ಕೈಗಳನ್ನು ಮನೆಯಲ್ಲಿ ಬಿಟ್ಟು ಬಾ ಎಂದರು. ನಾನು ಟವಲು ಸುತ್ತಿಕೊಂಡು ವಾಪಸಾದೆ. ಹುಬ್ಬು ತರಲು ಹೋದವನು ಹುಬ್ಬೂ ಇಲ್ಲದೆ, ಕಿವಿಯ ಹಿಂದಿನ ಕೂದಲೂ ಇಲ್ಲದೆ ಮನೆ ಸೇರಿದೆ.

ಮತ್ತೆ ಕಾಡಿಗೆ. ಸಂಕ್ರಾಂತಿ ಕಳೆಯಿತು, ಬಿಸಿಲು ಚುರುಕಾಯಿತು. ನಮ್ಮ ಬುಕಿಂಗ್ ಆಫೀಸಿಗೆ ತಗಡಿನ ಮಾಡು. ಮಧ್ಯಾಹ್ನ ಒಳಗೆ ಕೂತವನು ಬೇಯುತ್ತಿದ್ದ. ಅಂಥ ಒಂದು ಮಧ್ಯಾಹ್ನ ಕಿಟಕಿಯಲ್ಲಿ ವೀರಭದ್ರಪ್ಪನವರ ರುಮಾಲು ಕಾಣಿಸಿತು. ಮಾರುಕಟ್ಟೆಗೆ ಬಂದು ಊರಿಗೆ ಹೊರಟಿದ್ದರು. ಭಾವಿ ಮಾವ! ನಾನು ಗಡಬಡಿಸಿ ಎದ್ದೆ, ಒಳಗೆ ಕರೆದೆ, ಕುರ್ಚಿ ಒರೆಸಿದೆ, ಕಾಫಿ ತರಿಸುತ್ತೇನೆಂದೆ. ಇಷ್ಟರಲ್ಲಿ ಬೆವರು ಹಣೆಯಿಂದ ಇಳಿಯತೊಡಗಿತ್ತು. ಕರ್ಚೀಫಿನಿಂದ ಒಮ್ಮೆ ಮುಖ ಒರೆಸಿಕೊಂಡೆ. ಕೈ ಕೆಳಗಿಳಿಸಿದಾಗ ನೋಡುತ್ತೇನೆ, ನನ್ನ ಎಡಹುಬ್ಬು ಕರ್ಚೀಫಿನಲ್ಲಿತ್ತು.

ಅವರು ನನ್ನ ಹಣೆಯನ್ನೇ ನೋಡಿದರು. ಆಮೇಲೆ ನನ್ನ ಕೈ ನೋಡಿದರು. ಎಣಿಸುವವರ ಹಾಗೆ ಒಂದೊಂದೇ ಬೆರಳನ್ನು ನೋಡಿದರು. ಅದೇಕೆಂದು ನನಗೆ ಆಗ ಅರ್ಥವಾಗಲಿಲ್ಲ.

"ಹುಬ್ಬಿಗೆ ಎಂತ ಆತು?" ಎಂದು ಕೇಳಿದರು.

"ಹೆಜ್ಜೇನು ಕಚ್ಚಿತ್ತು" ಎಂದೆ.

"ಹೆಜ್ಜೇನು" ಎಂದರು ಅವರೂ, ನಿಧಾನವಾಗಿ. ಕುರ್ಚಿಯಲ್ಲಿ ಕೂರಲಿಲ್ಲ. ಕಾಫಿ ಬೇಡವೆಂದರು. ಟಿಕೆಟ್ಟನ್ನು ತುದಿಯಲ್ಲಿ ಹಿಡಿದು ತೆಗೆದುಕೊಂಡು, ಹೊರಡಲು ಇನ್ನೂ ಒಂದು ಗಂಟೆಯಿದ್ದ ಬಸ್ಸಿನಲ್ಲಿ ಹೋಗಿ ಬಿಸಿಲಿಗೆ ಕೂತರು.

ವಾರದ ಮೇಲೆ, ಸಂಬಂಧ ಕೂಡಿಸಿದ ಹಿರಿಯರು ನಮ್ಮ ಮನೆಗೆ ಬಂದರು. ಹುಡುಗಿಯ ಅಜ್ಜಿಗೆ ಮೈಯಲ್ಲಿ ಹುಷಾರಿಲ್ಲವಂತೆ, ಮದುವೆ ಸ್ವಲ್ಪ ಮುಂದಕ್ಕೆ ಹೋಗಲಿ ಅಂತಾರೆ ಎಂದರು. ಎಷ್ಟು ಮುಂದಕ್ಕೆ ಎಂದರೆ ಹೇಳಲಿಲ್ಲ. ಅಕ್ಕ ಅವರಿಗೆ ಎರಡು ಲೋಟ ಕಾಫಿ ಕುಡಿಸಿ, ಬಾಗಿಲಿಗೆ ಅಡ್ಡವಾಗಿ ಕೂತು, ನಿಜ ಹೇಳದೆ ಏಳಕೂಡದು ಎಂದಳು. ಅವರು ದನಿ ತಗ್ಗಿಸಿ ಹೇಳಿದರು: ಕಾರಣವಿಲ್ಲದೆ ಹುಬ್ಬು ಉದುರುವುದು ದೊಡ್ಡ ರೋಗದ ಮೊದಲ ಗುರುತು. ಹುಡುಗನಿಗೆ ಅದೇ ಇರಬೇಕೆಂದು ಸೊರಬದವರು ಹೆದರಿದ್ದಾರೆ.

ದೊಡ್ಡ ರೋಗವೆಂದರೆ ಕುಷ್ಠ. ಆ ಹೆಸರನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅವರು ಹೋದ ಮೇಲೆ ಅಕ್ಕ ಅಲ್ಲೇ ಹೊಸ್ತಿಲ ಬಳಿ ಕೂತೇ ಇದ್ದಳು. ನಾನು ಏನು ಮಾಡಿದರೂ ನಗುತ್ತಿದ್ದವಳು ಆವತ್ತು ನಗಲಿಲ್ಲ. ನನಗೂ ಮೊದಲ ಸಲ ಹೆದರಿಕೆಯಾಯಿತು. ಈ ಮಾತು ಒಂದು ಸಲ ಬಸ್ಸು ಹತ್ತಿತೆಂದರೆ ಶಿಕಾರಿಪುರ ಮುಟ್ಟಲು ಎಷ್ಟು ಹೊತ್ತು? ಆಮೇಲೆ ನನ್ನ ಕೈಯಿಂದ ಟಿಕೆಟ್ ಯಾರು ತೆಗೆದುಕೊಳ್ಳುತ್ತಾರೆ? ಅಕ್ಕನ ಮನೆಯ ನೀರು ಯಾರು ಮುಟ್ಟುತ್ತಾರೆ? ಸೊರಬದಲ್ಲಿ ಆ ಹುಡುಗಿ, ಒಂದೇ ಸಲ ತಲೆಯೆತ್ತಿ ನೋಡಿದವಳು, ಈಗ ಏನೆಂದುಕೊಂಡು ಕೂತಿದ್ದಾಳೋ.

"ಸ್ಟೌ ಸುಟ್ಟಿದ್ದು ಅಂತ ಒಂದು ಮಾತು ಹೇಳಾಕೆ ನಿನಗೇನಾಗಿತ್ತೋ ಮಲ್ಲೇಶಿ?" ಎಂದಳು ಅಕ್ಕ.

ಡ್ರೈವರು ನಗುತ್ತಾನೆ ಎಂಬುದು ಆ ಹೊತ್ತಿನಲ್ಲಿ ಹೇಳುವ ಮಾತಾಗಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅಕ್ಕ ನನ್ನನ್ನು ಹೊರಡಿಸಿಕೊಂಡು ಸೊರಬಕ್ಕೆ ಬಂದಳು. ಟವಲು ಸುತ್ತಲು ಬಿಡಲಿಲ್ಲ. ನನ್ನನ್ನು ಡಾಕ್ಟರ ಬಾಗಿಲಲ್ಲಿ ಬಿಟ್ಟು, ಬಂದೆ ಎಂದು ಎಲ್ಲಿಗೋ ಹೋದಳು. ಎಲೆ ಅಡಿಕೆಗೆ ಹೋಗಿರಬೇಕು ಎಂದುಕೊಂಡೆ. ಡಾಕ್ಟರು ನನ್ನ ಎರಡು ಕೈಗಳನ್ನೂ ಒಮ್ಮೆ ನೋಡಿ, ಚುಚ್ಚುಮದ್ದು ತುಂಬಿದರು. ಈ ಸಲ ಬಲಗಿವಿಯ ಹಿಂದಿನ ಚರ್ಮ. ಈ ಸಲ ರಾಗವಿರಲಿಲ್ಲ. ಹೊಲಿದು ಮುಗಿಸಿ, ತಲೆಯ ಸುತ್ತ, ಗದ್ದದ ಕೆಳಗೆ, ಮತ್ತೆ ತಲೆಯ ಸುತ್ತ ಪಟ್ಟಿ ಎಳೆದು, ಎಡಗಣ್ಣನ್ನೂ ಮುಚ್ಚಿ, ಹೊರಗಿನ ಜಗಲಿಯ ಬೆಂಚಿನ ಮೇಲೆ ಮಲಗಿಸಿದರು.

ಹಾಗೆ ಮಲಗಿದ್ದಾಗ ಒಂದೇ ಕಣ್ಣಿನಿಂದ ನೋಡಿದ್ದು: ಅಕ್ಕ ಬರುತ್ತಿದ್ದಾಳೆ, ಹಿಂದೆ ವೀರಭದ್ರಪ್ಪನವರು, ಅವರ ಹಿಂದೆ ಸೆರಗು ಬಿಗಿಯಾಗಿ ಹೊದ್ದುಕೊಂಡು ಗಿರಿಜೆ. ಏಳಲು ಹೋದೆ. ಡಾಕ್ಟರು ಎದೆಯ ಮೇಲೆ ಕೈಯಿಟ್ಟು ಒತ್ತಿ ಮಲಗಿಸಿದರು.

ಇದು ದೊಡ್ಡ ರೋಗವೇ ಎಂದು ವೀರಭದ್ರಪ್ಪನವರು ಡಾಕ್ಟರನ್ನು ಕೇಳಿದರು. ಡಾಕ್ಟರು ಸಾವಕಾಶವಾಗಿ ಹೇಳಿದರು. ಆ ಕಾಯಿಲೆಗೂ ಈಗ ಮಾತ್ರೆ ಬಂದಿದೆ, ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ಗುಣವಾಗುತ್ತದೆ, ಜನ ಇಷ್ಟು ಹೆದರಬೇಕಾಗಿಲ್ಲ; ಆದರೆ ಈ ಹುಡುಗನಿಗೆ ಅದು ಇಲ್ಲ. ತಾವೇ ಎರಡು ಸಲ ಅವನ ಚರ್ಮ ಕೊಯ್ದು ನೋಡಿದ್ದಾಗಿದೆ. ಬೆಂಕಿಯಿಂದ ಸುಟ್ಟ ಗಾಯ, ಬೇರೇನೂ ಅಲ್ಲ.

"ಇವನಿಗೆ ಇರೋ ಕಾಯಿಲೆ ಬೇರೆ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ" ಎಂದೂ ಸೇರಿಸಿದರು.

ವೀರಭದ್ರಪ್ಪನವರು ಬೆಂಚಿನ ಹತ್ತಿರ ಬಂದರು. "ನೀವೇ ಹೇಳಿ. ಎಂತ ಆತು?"

"ಸ್ಟೌ ರಿಪೇರಿ ಮಾಡ್ದೆ" ಎಂದೆ. ಪಟ್ಟಿಯಿಂದ ಗದ್ದ ಕಟ್ಟಿತ್ತು. ಮಾತು ಹಲ್ಲಿನ ಸಂದಿಯಿಂದ ಬಂತು.

"ಹೆಜ್ಜೇನು?"

"ಇರಲಿಲ್ಲ."

ಅವರು ನನ್ನ ಕಾಲ ಬಳಿ ಬೆಂಚಿನ ತುದಿಯಲ್ಲಿ ಕೂತುಬಿಟ್ಟರು. ಶಲ್ಯದಿಂದ ಮುಖ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಒಂದು ಕಣ್ಣಿನಲ್ಲಿ ತಿಳಿಯಲಿಲ್ಲ.

"ಬರೀ ಸ್ಟೌವಾ ಮಾರಾಯ್ರೆ" ಎಂದರು ಕೊನೆಗೆ. "ಒಂದು ವಾರದಿಂದ ನಮ್ಮನೇಲಿ ಯಾರೂ ಸರಿಯಾಗಿ ಉಂಡಿಲ್ಲ."

ಆಮೇಲೆ ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಬೆರಳು ನೋಡಲಿಲ್ಲ.

ಬಾಗಿಲ ಬಳಿ ನಿಂತಿದ್ದ ಗಿರಿಜೆ ನನ್ನ ಕಡೆ ನೋಡದೆ ಅಕ್ಕನಿಗೆ ಮೆತ್ತಗೆ ಹೇಳಿದಳು: "ಅಕ್ಕಾ, ನಾನು ಬಂದ ಮೇಲೆ ಮನೇಲಿ ಸ್ಟೌ ಬ್ಯಾಡ. ನಂಗೆ ಸೌದೆ ಒಲೆ ಸಾಕು."

ಮದುವೆ ನಿಲ್ಲುವುದಿಲ್ಲ ಎಂದು ನನಗೆ ತಿಳಿದದ್ದು ಆ ಮಾತಿನಿಂದ. ನನ್ನ ಬಗ್ಗೆ ಅವಳು ಆಡಿದ ಮೊದಲ ಮಾತೂ ಅದೇ. ನನಗಾದ ನೆಮ್ಮದಿಗೆ ನಗಬೇಕೆನಿಸಿತು; ಹೊಲಿಗೆ ಬಿಡುತ್ತದೆಂದು ಡಾಕ್ಟರು ಬಿಡಲಿಲ್ಲ.

ಈ ಸಲದ ಆರೈಕೆಯನ್ನು ಅಕ್ಕ ತಾನೇ ವಹಿಸಿಕೊಂಡಳು. ಭಾವನ ಹಳೆಯ ಪಂಚೆಯನ್ನು ಸೀಳಿ ನನ್ನ ಎರಡು ಕೈಗಳನ್ನೂ ಮಂಚದ ಚೌಕಟ್ಟಿಗೆ ಕಟ್ಟಿದಳು. ಊಟದ ಹೊತ್ತಿಗೂ ಬಿಚ್ಚಲಿಲ್ಲ. ತುತ್ತು ಮಾಡಿ ಬಾಯಿಗಿಟ್ಟಳು. ನನಗೆ ಮದುವೆ ಗೊತ್ತಾದ ವರ್ಷವೇ ಮತ್ತೆ ಅನ್ನಪ್ರಾಶನದಿಂದ ಶುರುವಾಯಿತು. ಹರಳೆಣ್ಣೆಯ ಸೀಸೆಯನ್ನು ಅವಳು ಪಕ್ಕದ ಮನೆಗೆ ಕೊಟ್ಟುಬಂದಿದ್ದಳು. ಮೂಗಿನ ತುದಿ ಕಡಿದರೆ ಕರೆಯಬೇಕು, ಅವಳು ಬಂದು ತುರಿಸಿ ಹೋಗುವಳು. ಕನ್ನಡಿಗಳು ಮನೆಯಿಂದಲೇ ಮಾಯವಾದವು. ಭಾವ ಹತ್ತು ದಿನ ಗಡ್ಡ ಬಿಟ್ಟರು.

ಹತ್ತನೆಯ ದಿನ ಡಾಕ್ಟರು ಪಟ್ಟಿ ಬಿಚ್ಚುವಾಗ ನಾನು ಇದ್ದ ದೇವರನ್ನೆಲ್ಲ ಕರೆದೆ. ಪಟ್ಟಿ ಬಂತು, ಹುಬ್ಬು ಬರಲಿಲ್ಲ. ಕೆಂಪಗೆ, ಸ್ವಲ್ಪ ಉಬ್ಬಿ, ಗಿಡ್ಡ ಕೂದಲಿನೊಂದಿಗೆ ತನ್ನ ಜಾಗದಲ್ಲೇ ಕೂತಿತ್ತು. ಬೆರಳಿನಿಂದ ಒತ್ತಿ ನೋಡಿ, ರಕ್ತ ಓಡಾಡುತ್ತಿದೆ, ಬೇರು ಹಿಡಿದಿದೆ ಎಂದರು. ಆವತ್ತು ಅವರಿಗೆ ರಾಗ ವಾಪಸು ಬಂತು.

ನಾನು ಎದೆಯುಬ್ಬಿಸಿ ಕೆಲಸಕ್ಕೆ ಹೋದೆ. ಹೋದವನು ಮೊದಲು ಡ್ರೈವರಿಗೆ ಸ್ಟೌವಿನ ಕಥೆ ಹೇಳಿದೆ. ಅವನು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕ. ನನಗೆ ನೋವಾಗಲಿಲ್ಲ, ಇಷ್ಟಕ್ಕಾಗಿ ಅಷ್ಟೆಲ್ಲ ಮಾಡಿದೆನಲ್ಲ ಎನಿಸಿತು.

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಮುಖ ತೊಳೆದಾಗ ಹುಬ್ಬಿನ ಕೂದಲು ಬೆರಳಿಗೆ ಅಂಟಿಕೊಂಡು ಬಂತು. ಮರುದಿನ ಇನ್ನಷ್ಟು. ನಾಲ್ಕೇ ದಿನದಲ್ಲಿ ಹುಬ್ಬು ಖಾಲಿ. ಈ ಸಲ ಆಣೆಗೂ ನಾನು ಮುಟ್ಟಿರಲಿಲ್ಲ. ಉದುರಿದ ಕೂದಲನ್ನೆಲ್ಲ ಜೋಪಾನವಾಗಿ ಒಂದು ಕಾಗದದಲ್ಲಿ ಪೊಟ್ಟಣ ಕಟ್ಟಿಕೊಂಡು, ಅಕ್ಕನಿಗೂ ಹೇಳದೆ, ಸಾಯುವವನ ಮುಖ ಹಾಕಿಕೊಂಡು ಸೊರಬದ ಬಸ್ಸು ಹತ್ತಿದೆ.

ಡಾಕ್ಟರು ಪೊಟ್ಟಣ ಬಿಚ್ಚಿ ನೋಡಿದರು. "ಇದನ್ನ ಯಾಕೆ ತಂದೆ?"

"ವಾಪಸ್ ಅಂಟಿಸ್ತೀರೇನೋ ಅಂತ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಾಟಿ ಮಾಡಿದ ಸಸಿ ಮೊದಲು ಹಳದಿಯಾಗುತ್ತದೆ, ಎಲೆ ಬೀಳುತ್ತದೆ, ಬೇರು ಒಳಗೇ ಇರುತ್ತದೆ ಎಂದು ಚಿಕ್ಕ ಮಗುವಿಗೆ ಹೇಳುವಂತೆ ಹೇಳಿದರು. ಯುಗಾದಿ ಕಳೆದ ಮೇಲೆ ಹೊಸ ಕೂದಲು ಬರುತ್ತದೆ, ಅಲ್ಲಿಯವರೆಗೆ ಈ ಕಡೆ ತಲೆ ಹಾಕಬೇಡ ಎಂದು ಪೊಟ್ಟಣವನ್ನು ನನ್ನ ಜೇಬಿಗೇ ತುರುಕಿ ಕಳಿಸಿದರು. ಅದನ್ನು ಎಸೆಯಲು ಮನಸ್ಸು ಬಾರದೆ ಎರಡು ವಾರ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ.

ಕಾಯುವುದು ಕಷ್ಟ. ಅದಕ್ಕಿಂತ ಕಷ್ಟ ಮಾವನವರು. ವಿಷಯ ತಿಳಿದ ಮೇಲೆ ಅವರಿಗೆ ನನ್ನ ಹಣೆಯ ಮೇಲೆ ಗದ್ದೆಯಷ್ಟೇ ಆಸ್ಥೆ ಹುಟ್ಟಿತ್ತು. ಪೇಟೆಗೆ ಬಂದಾಗಲೆಲ್ಲ ಕಿಟಕಿಗೆ ಬಂದು, ಹಿಂದೆ ನಿಂತ ಜನರನ್ನು ಲೆಕ್ಕಿಸದೆ, "ಎಂತದು, ಮೊಳಕೆ ಬಂತಾ?" ಎಂದು ಕೇಳುವರು. ಟಿಕೆಟ್ಟಿಗೆ ನಿಂತವರೂ ಕತ್ತು ಚಾಚಿ ನೋಡುವರು. ಇಲ್ಲ ಎಂದು ನಾನು ತಲೆ ಆಡಿಸಿದರೆ, ಬರ್ತದೆ, ಬರ್ತದೆ ಎಂದು ಸರದಿಯಲ್ಲಿದ್ದವರೆಲ್ಲ ಧೈರ್ಯ ಹೇಳುವರು.

ಯುಗಾದಿ ಬಂತು, ಹೋಯಿತು. ಅದಾದ ಎಷ್ಟೋ ದಿನದ ಮೇಲೆ, ಬೆಳಿಗ್ಗೆ ರೊಟ್ಟಿ ಬಡಿಸಲು ಬಂದ ಅಕ್ಕ ಇದ್ದಕ್ಕಿದ್ದಂತೆ ನನ್ನ ಗದ್ದ ಹಿಡಿದು ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ಅವಳ ಕಣ್ಣು ತುಂಬಿತ್ತು. ನಾನು ಎಡಗೈ ಬೆರಳಿನಿಂದ ಮುಟ್ಟಿ ನೋಡಿದೆ. ಮೊಳಕೆಯೊಡೆದ ಕೂದಲು ಚುರುಚುರು ಎಂದು ಚುಚ್ಚಿತು. ಆ ಚುರುಚುರು ಕೊಟ್ಟಷ್ಟು ಸಂತೋಷವನ್ನು ನನಗೆ ಆಮೇಲೆ ಯಾವುದೂ ಕೊಟ್ಟಿಲ್ಲ. ಕೈ ತೊಳೆಯದೆ ಬಸ್ ನಿಲ್ದಾಣಕ್ಕೆ ಓಡಿದೆ. ಡ್ರೈವರಿಗೆ ತೋರಿಸಿದೆ, ಕಂಡಕ್ಟರಿಗೆ ತೋರಿಸಿದೆ, ಬಸ್ಸು ಹತ್ತಿ ಕೂತಿದ್ದವರಿಗೆ ಒಬ್ಬೊಬ್ಬರಿಗೇ ತೋರಿಸಿದೆ. ಆವತ್ತು ಸೊರಬದ ಬಸ್ಸು ತಡವಾಗಿ ಹೊರಟಿತು.

ವೈಶಾಖದ ಹೊತ್ತಿಗೆ ಹುಬ್ಬು ಹುಬ್ಬಿನ ಹಾಗೇ ಆಗಿತ್ತು. ಬಲಹುಬ್ಬಿಗಿಂತ ಕಪ್ಪು, ದಟ್ಟ. ಮದುವೆಯಲ್ಲಿ ಇಡೀ ಸೊರಬ ನನ್ನ ಹುಬ್ಬು ನೋಡಲೆಂದೇ ಬಂದಿತ್ತು. ನಾನೂ ತೋರಿಸಲೆಂದೇ ಬಂದಿದ್ದೆ. ಧಾರೆಗೆ ಕೂರುವ ಮೊದಲು ಹಣೆಗೆ ಬಾಸಿಂಗ ಕಟ್ಟಿದರು. ಎರಡು ಸಲ ಚರ್ಮ ಕೊಯ್ಸಿಕೊಂಡು, ಕೈ ಕಟ್ಟಿಸಿಕೊಂಡು, ಪೊಟ್ಟಣ ಹೊತ್ತು ಬೆಳೆಸಿದ ಹುಬ್ಬು, ಅದರ ಜೊತೆಗೆ ದೇವರು ಕೊಟ್ಟ ಇನ್ನೊಂದೂ, ಬಾಸಿಂಗದ ಹಿಂದೆ ಅಡಗಿ ಕೂತವು. ಮದುವೆ ಮುಗಿಯುವವರೆಗೆ ಯಾರಿಗೂ ಏನೂ ಕಾಣಲಿಲ್ಲ.

ಆಷಾಢಕ್ಕೆ ಗಿರಿಜೆ ತವರಿಗೆ ಹೋದಳು. ಆ ಒಂದು ತಿಂಗಳು ನಾನು ನನ್ನ ಹುಬ್ಬನ್ನು ಅಭಿಮಾನದಿಂದ ನೋಡುತ್ತ ಕಳೆದೆ. ಅದು ಬೆಳೆಯುತ್ತಿತ್ತು. ಬೆಳೆಯಲಿ ಎಂದು ಬಿಟ್ಟೆ. ಅಷ್ಟು ಕಷ್ಟಪಟ್ಟು ಬಂದದ್ದಕ್ಕೆ ಕತ್ತರಿ ಮುಟ್ಟಿಸಲು ಕೈ ಬಾರದು. ಕಣ್ಣಿನ ಮೇಲೆ ಇಳಿಯಿತು. ಊದಿ ಹಾರಿಸಿಕೊಂಡು ಟಿಕೆಟ್ ಹರಿಯತೊಡಗಿದೆ. ಶ್ರಾವಣದಲ್ಲಿ ಹೆಂಡತಿಯನ್ನು ಕರೆತರಲು ಸೊರಬಕ್ಕೆ ಹೋದಾಗ ಗಿರಿಜೆ ನನ್ನನ್ನು ಒಂದು ಗಳಿಗೆ ನೋಡಿದಳು.

"ಇದಕ್ಕೆ ಜಡೆ ಹಾಕ್ಲೇನ್ರೀ?" ಎಂದಳು.

ಡಾಕ್ಟರ ಹತ್ತಿರ ಓಡಿದೆವು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅದು ತಲೆಯ ಕೂದಲು. ಹುಬ್ಬಿನ ಜಾಗಕ್ಕೆ ಬಂದು ಕೂತರೂ ಅದರ ಗುಣ ತಲೆಯದೇ, ಬದುಕಿರುವವರೆಗೂ ಬೆಳೆಯುತ್ತಿರುತ್ತದೆ ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನಾನು ಪಟ್ಟಿಯೊಳಗೇ ಕತ್ತರಿ ಹಾಕಿಬಿಡುತ್ತಿದ್ದೆನಂತೆ. ಗಿರಿಜೆ ಹೌದೆಂದು ತಲೆ ಆಡಿಸಿದಳು. ಮದುವೆಯಾಗಿ ಆಗಿನ್ನೂ ಮೂರೇ ತಿಂಗಳು.

ಅಂದಿನಿಂದ ನನ್ನ ಹುಬ್ಬು ಹದಿನೈದು ದಿನಕ್ಕೊಮ್ಮೆ ಕ್ಷೌರ ಬೇಡುತ್ತಲೇ ಇದೆ. ಈಗ ನನಗೆ ವಯಸ್ಸಾಗಿದೆ. ತಲೆಯ ಕೂದಲು ಒಂದೊಂದಾಗಿ ಹೊರಟುಹೋಗಿ ನೆತ್ತಿಯಿಂದ ಕಿವಿಯವರೆಗೂ ಬಯಲು. ಕಿವಿಗಳ ಹಿಂದೆ ಉಳಿಯಬೇಕಾದ ಚೂರನ್ನು ನಾನೇ ಎರಡು ಸಲ ಕೊಯ್ಸಿದ್ದೆ. ಮೊನ್ನೆ ಪೇಟೆಯಲ್ಲಿ ಹೊಸ ಸಲೂನು ಕಂಡು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಕ್ಷೌರಿಕ ನನ್ನ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿ, ಬಾಚಣಿಗೆ ಹಿಡಿದು, ನನ್ನ ತಲೆಯ ಸುತ್ತ ಮರ್ಯಾದೆಯಿಂದ ಒಂದು ಪ್ರದಕ್ಷಿಣೆ ಬಂದ. ಕೆಲಸ ಎಲ್ಲಿದೆ ಎಂದು ಅವನಿಗೆ ಸಿಗಲಿಲ್ಲ. ನಾನು ಬೆರಳಿನಿಂದ ಎಡಹುಬ್ಬನ್ನು ತೋರಿಸಿದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಕತ್ತಿನ ಬಟ್ಟೆಯನ್ನು ಬಿಚ್ಚಿ ಮಡಿಸಿಟ್ಟ.

"ಇಷ್ಟಕ್ಕೆ ಕುರ್ಚಿ ಯಾಕ್ ಬೇಕು ಅಜ್ಜಾ," ಎಂದ, "ನಿಂತ್ಕೊಳ್ಳಿ, ಮಾಡಿ ಕಳಿಸ್ತೀನಿ."